ಪಡಸಾಲೆಯ ಬೈಠಕ್‌ಗೆ ಮೈಕ್ ಬೇಕೇ?

ಪ್ರಶ್ನೆ: ಕಲಬುರಗಿಯ ನಮ್ಮ ಮನೆಯ ಪಡಸಾಲೆ 20 ಅಡಿ ಉದ್ದ, 14 ಅಡಿ ಅಗಲ ಇದೆ. ಏಪ್ರಿಲ್‌ನಲ್ಲಿ ಹಿಂದೂಸ್ತಾನಿ ಗಾಯನದ ಬೈಠಕ್ ಇಡಬೇಕೆಂದಿದ್ದೇವೆ. ಎಷ್ಟು ಜನ ಹಿಡಿಯುತ್ತಾರೆ? ಮೈಕ್ ತರಿಸಬೇಕೇ?

ಉತ್ತರ: 25 ಜನರನ್ನು ಕರೆಯಿರಿ, ಮೈಕ್ ಬೇಡ. ಗಾಯಕರು, ತಬಲಾ, ಹಾರ್ಮೋನಿಯಂ, ಹಿಂದೆ ತಂಬೂರಿ ಕೂರಲು ಒಂದು ತುದಿಯಲ್ಲಿ 7 ಅಡಿ ಹೋಗುತ್ತದೆ. ಉಳಿಯುವುದು 182 ಚದರಡಿ. ಚಕ್ಕಳಮಕ್ಕಳ ಹಾಕಿ ಕೂರಲು ಒಬ್ಬರಿಗೆ 6 ಚದರಡಿ ಹಿಡಿದರೆ 30 ಜನ. ಹಿರಿಯರಿಗೆ ಹಿಂಬದಿಯಲ್ಲಿ ನಾಲ್ಕು ಕುರ್ಚಿ ಹಾಕಿ, ಓಡಾಡಲು ದಾರಿ ಬಿಟ್ಟರೆ 25.

ಇಷ್ಟು ಜಾಗಕ್ಕೆ ಕಂಠ ಸಾಲದೇನೋ ಎಂಬ ಅಳುಕು ಬೇಡ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಭಾಗದ ಭಜನಾ ಮೇಳಗಳು ಮೈಕಿಲ್ಲದ ಕಾಲದಿಂದಲೂ ಏಕತಾರಿ, ದಮ್ಮಡಿ ಹಿಡಿದು ಹಾಡುತ್ತ ಬಂದಿವೆ. ಮಂದ್ರದಲ್ಲಿ ಸಣ್ಣಗೆ ಹಚ್ಚಿದ ಸ್ವರ ಎರಡು ಮಾರು ದೂರದಿಂದ ನೇರ ಕಿವಿಗೆ ಬೀಳುವ ಸುಖಕ್ಕೇ ಅಲ್ಲವೇ ಬೈಠಕ್!

ನಿಮ್ಮ ಮನೆಯಲ್ಲಿ ಕೆಡಿಸುವುದಿದ್ದರೆ ಅದು ಶಹಾಬಾದ್ ಫರಸಿ. ನುಣುಪು ಕಲ್ಲು, ಎದುರುಬದುರು ಬರಿಗೋಡೆ, ಮೇಲೆ ಸ್ಲ್ಯಾಬ್. ಸದ್ದು ಎಲ್ಲಿಯೂ ಇಂಗದೆ ಪುಟಿಯುತ್ತದೆ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಠಣ್ಣೆಂದು ಬಾಲ ಬಂದರೆ ವೇಗವಾಗಿ ಹಾಡುವ ತಾನಿನ ಸ್ವರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ತಬಲಾದ ಬೋಲು (ಪೆಟ್ಟಿನ ಅಕ್ಷರಗಳು) ಬಿಡಿಬಿಡಿಯಾಗಿ ಕೇಳುವುದಿಲ್ಲ. ಗೋಡೆಯಿಂದ ಗೋಡೆಗೆ ಜಮಖಾನ ಹಾಸಿ, ಕಲಾವಿದರ ಕೆಳಗೆ ಗಾದಿ ಹಾಕಿ. ಕೇಳುಗರ ಹಿಂದಿನ ಗೋಡೆಗೆ ದಪ್ಪ ಕೌದಿ ಇಳಿಬಿಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಜನ ತುಂಬಿದಾಗ ಮಿಕ್ಕ ಸದ್ದನ್ನು ಅವರ ಮೈ, ಬಟ್ಟೆಯೇ ಹೀರುತ್ತವೆ. ತಬಲಾದವರನ್ನು ಮೂಲೆಗೆ ಕೂರಿಸಬೇಡಿ: ಮೂಲೆಯಲ್ಲಿ ಡಗ್ಗಾದ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ಎಡವಾದ್ಯದ, ಗುಂಯ್‌ಗುಡಿಕೆ ಉಬ್ಬಿ ಕಂಠವನ್ನು ನುಂಗುತ್ತದೆ. ಗೋಡೆಯಿಂದ ಮೂರು ಅಡಿಯಾದರೂ ಈಚೆಗಿರಲಿ.

ಇನ್ನು ಏಪ್ರಿಲ್ ಬಿಸಿಲು. ಕೂಲರ್ ಹಚ್ಚಿದರೆ ಅದರ ಸದ್ದಿನಲ್ಲಿ ತಂಬೂರಿ ಕೇಳಿಸುವುದಿಲ್ಲ. ಹಸಿಗಾಳಿಗೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ; ಒಣ ಬಿಸಿಗಾಳಿಗೆ ಬಿಗಿದು ಏರುತ್ತದೆ. ತಬಲಾದವರು ಶ್ರುತಿ ಕೂಡಿಸಲು ಅರ್ಧ ಗಂಟೆಗೊಮ್ಮೆ ಸುತ್ತಿಗೆ ಹಿಡಿದು ಕೂತರೆ ರಾಗದ ಓಘವೇ ಕಡಿಯುತ್ತದೆ. ಸಂಜೆಗೂ ಸ್ಲ್ಯಾಬ್ ಕಾದೇ ಇರುವುದರಿಂದ ಬೈಠಕ್ಕನ್ನು ಬೆಳಗ್ಗೆ ಏಳಕ್ಕೆ ಇಡಿ. ಸಂಜೆಯ ಕಛೇರಿಗಳಲ್ಲಿ ಸಿಗದ ಬೆಳಗಿನ ರಾಗಗಳಾದ ತೋಡಿ, ಅಹಿರ್ ಭೈರವ್ ಕೇಳುವ ಭಾಗ್ಯವೂ ಒದಗುತ್ತದೆ. ವಾದ್ಯಗಳು ಒಂದು ಗಂಟೆ ಮೊದಲೇ ಬಂದು ಆ ಕೋಣೆಯ ಹವೆಗೆ ಹೊಂದಿಕೊಳ್ಳಲಿ. ಹಾಡುವಾಗ ಕಲಾವಿದರ ನೆತ್ತಿಯ ಮೇಲಿನ ಫ್ಯಾನ್ ಬಂದ್ ಇರಲಿ, ಕೇಳುಗರದ್ದು ನಿಧಾನ ತಿರುಗಲಿ.

ಗಾಯಕರನ್ನು ಒಪ್ಪಿಸುವಾಗಲೇ ಅವರ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದೋ, ಬಿಳಿ ಐದೋ ಕೇಳಿ ತಬಲಾದವರಿಗೆ ತಿಳಿಸಿ. ತಬಲಾದ ಪಟ್ಟಿಗಳಡಿಯ ಮರದ ತುಂಡು, ಅಂದರೆ ಗಟ್ಟಾ, ಬಡಿದು ಏರಿಳಿಸುವುದಕ್ಕೂ ಮಿತಿಯಿದೆ. ಆ ಶ್ರುತಿಗೆ ತಕ್ಕ ಬಾಯಿಯಳತೆಯ ತಬಲಾವನ್ನೇ ಅವರು ಹೊತ್ತು ತರಬೇಕು.