ತೋಟದ ಲೈನ್ ಮನೆ ಮತ್ತು ತಪ್ಪಿದ ಛೇದ

ಲಸಿಕೆಯ ಮೂರನೇ ಡೋಸ್ ಕಡಿಮೆಯಾಗಿದೆ ಎಂದು ಕಂಡರೆ ಸಾಕು, ‘ಅರಿವಿಲ್ಲ, ಮೂಢನಂಬಿಕೆ’ ಎಂದು ವರದಿ ಬರೆದು ಮುಗಿಸುವ ಸಂಶೋಧಕರಿದ್ದಾರೆ. ಕೊಡಗಿನ ಕಾಫಿ ತೋಟಗಳ ಮಟ್ಟಿಗೆ ಇದು ಶುದ್ಧ ಸೋಮಾರಿತನ.

ಲೆಕ್ಕ ನೋಡಿ. ಗುಡ್ಡಗಾಡಿನ ಆರೋಗ್ಯ ಉಪಕೇಂದ್ರಕ್ಕೆ 3,000 ಜನಸಂಖ್ಯೆ ಎಂಬುದು ಮಾನದಂಡ. ಸಾವಿರಕ್ಕೆ 16 ಜನನ ಎಂದು ಹಿಡಿದರೆ ವರ್ಷಕ್ಕೆ 48 ಮಕ್ಕಳು, ತಿಂಗಳಿಗೆ 4. ಇದು ಛೇದ, ಅಂದರೆ ಲಸಿಕೆ ಸಿಗಬೇಕಾದ ಮಕ್ಕಳ ಲೆಕ್ಕ. ಈ 4 ಮಕ್ಕಳ ಜೊತೆಗೆ ರೊಬಸ್ಟಾ ಕಾಫಿ ಕೊಯ್ಲಿಗೆ ಬಂದ ಕುಟುಂಬಗಳ 3 ಕೂಸುಗಳಿಗೂ ಜನವರಿ ಕೊನೆಯಲ್ಲಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಹಾಕಿದರೆ ಅಂಶ, ಅಂದರೆ ಲಸಿಕೆ ಸಿಕ್ಕ ಮಕ್ಕಳು, 7, ಸಾಧನೆ ಶೇ 175! ಕರೆದವರ ಪಟ್ಟಿ ಹಿಡಿದು ಮದುವೆಯಲ್ಲಿ ಉಂಡ ಎಲೆ ಎಣಿಸಿದ ಹಾಗಾಯಿತು. ಮೊದಲ ಡೋಸ್ 6ನೇ ವಾರಕ್ಕೆ, ಮೂರನೆಯದು 14ಕ್ಕೆ. ಅಂದರೆ ಮಾರ್ಚ್ ಕೊನೆಗೆ. ಅಷ್ಟರಲ್ಲಿ ಕೊಯ್ಲು ಮುಗಿದು ಕುಟುಂಬ ಹೊರಟಿರುತ್ತದೆ. ಮುಂದಿನ ಊರಲ್ಲಿ ಲಸಿಕೆ ಸಿಕ್ಕರೂ ಇಲ್ಲಿನ ರಿಜಿಸ್ಟರಿನಲ್ಲಿ ಅದು ಲಸಿಕೆ ತಪ್ಪಿಸಿಕೊಂಡ ಮಗು.

ಅದಕ್ಕೇ ಸಂಶೋಧಕರ ತರಬೇತಿ ಉಪಕೇಂದ್ರದ ಮೇಜಿನಿಂದ ಶುರುವಾಗಬೇಕು. ಒಂದು ತಿಂಗಳ ರಿಜಿಸ್ಟರ್, ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ಪಟ್ಟಿ, ತೋಟದ ಲೆಕ್ಕ ಬರೆಯುವ ರೈಟರ್ ಬಳಿಯ ಹಾಜರಿ ಪುಸ್ತಕ ಇಷ್ಟನ್ನೂ ತಾಳೆ ನೋಡಿಸಬೇಕು. ತಾಳೆಯಾಗುವುದಿಲ್ಲ. ಯಾವ ಹಂತದಲ್ಲಿ ಹೆಸರು ಉದುರಿತು ಎಂದು ಹುಡುಕುವುದೇ ಪಾಠ. ಮಳೆಗಾಲದಲ್ಲಷ್ಟೇ ಸಮೀಕ್ಷೆ ಮಾಡಿದರೆ ಕೊಯ್ಲಿನವರು ಸಿಗುವುದೇ ಇಲ್ಲ. ಇಲಾಖೆಯ ಅನುಮತಿ ಪತ್ರವೂ ನೈತಿಕ ಸಮಿತಿಯ ಒಪ್ಪಿಗೆಯೂ ಬೇರೆ ಬೇರೆ. ಒಂದರ ಬದಲು ಇನ್ನೊಂದು ನಡೆಯದು. ಕಾರ್ಮಿಕರ ಸಮ್ಮತಿಯನ್ನು ಮೇಸ್ತ್ರಿಯ ಎದುರು ಕೇಳಲೇಬಾರದು, ಅವನ ಮುಂದೆ ‘ಇಲ್ಲ’ ಎನ್ನುವವರು ಯಾರು?

ಪುರಾವೆಯೊಂದೇ ಸಾಕಾಗುವುದಿಲ್ಲ ಎಂಬುದಕ್ಕೆ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯ ಸೆಮೆಲ್‌ವೈಸ್ ಸಾಕ್ಷಿ. 1847ರಲ್ಲಿ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿದ. ಅವನ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11ರಷ್ಟಿದ್ದ ಬಾಣಂತಿಯರ ಸಾವು 1848ರಲ್ಲಿ 1ರ ಆಸುಪಾಸಿಗೆ ಇಳಿಯಿತು. ಪುಸ್ತಕ ಬಂದದ್ದು 1861ರಲ್ಲಿ. ಟೀಕೆ ಬಂದಾಗ ಅವನು ವಿರೋಧಿಗಳನ್ನು ಬೈದು ಬಹಿರಂಗ ಪತ್ರಗಳನ್ನೇ ಬರೆದ. ಪುರಾವೆ ಹೊತ್ತಿಗೆ ಸರಿಯಾಗಿ, ಕೇಳುವ ಹಾಗೆ ತಲುಪಬೇಕು.

ನಮ್ಮಲ್ಲಿ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭ. ಅದರ ಬಜೆಟ್ ಪ್ರಸ್ತಾವಗಳು ತಿಂಗಳುಗಳ ಮೊದಲೇ ಹೋಗಿರುತ್ತವೆ. ಮೇ ತಿಂಗಳಲ್ಲಿ ಕೊಟ್ಟ ಒಳ್ಳೆಯ ವರದಿಗೆ ಬೀರುವೇ ಗತಿ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೇ ಪುಟ ಸಾಕು: ಕೊಯ್ಲಿನ ತಿಂಗಳುಗಳಲ್ಲಿ ಹಣ್ಣು ತೂಗಿದ ಮೇಲೆ ಸಂಜೆ ಕಾರ್ಮಿಕರು ವಾಸಿಸುವ ಸಾಲು ಮನೆ, ಅಂದರೆ ಲೈನ್ ಮನೆ ಬಳಿಯೇ ಲಸಿಕೆ, ಹೊರಡುವವರ ಕೈಗೆ ಮುಂದಿನ ಡೋಸಿನ ದಿನಾಂಕ ಬರೆದ ಕಾರ್ಡ್, ವಾಹನದ ಖರ್ಚು ಇಷ್ಟು, ಇದರಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ತಾವೇ ಸಹಿ ಹಾಕಬಹುದಾದದ್ದು ಯಾವುದು, ಬೆಂಗಳೂರಿಗೆ ಹೋಗಬೇಕಾದದ್ದು ಯಾವುದು.