ತೋಟಕ್ಕೆ ಒಯ್ಯುವ ಮಡಚು ಚೂರಿಗೆ ಯಾವ ಲಾಕ್ ಒಳ್ಳೆಯದು?

ಪ್ರಶ್ನೆ: ಮುಳ್ಳೇರಿಯ ಹತ್ತಿರ ನಮ್ಮದು ಎರಡೆಕರೆ ಅಡಿಕೆ ತೋಟ. ಹಗ್ಗ, ಗೋಣಿ, ಹಾಳೆ, ಪೈಪು ಎಲ್ಲದಕ್ಕೂ ಆಗುವ ಹಾಗೆ ಕಿಸೆಯಲ್ಲಿ ಒಂದು ಮಡಚುವ ಚೂರಿ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಲೈನರ್ ಲಾಕ್, ಬ್ಯಾಕ್ ಲಾಕ್, ಆಕ್ಸಿಸ್ ಲಾಕ್ ಅಂತ ಹತ್ತು ಹೆಸರು. ಒರಟು ಕೆಲಸಕ್ಕೆ ಯಾವುದು ಗಟ್ಟಿ?

ಉತ್ತರ: ನಾನಾದರೆ ಬ್ಯಾಕ್ ಲಾಕ್ ತೆಗೆದುಕೊಳ್ಳುತ್ತೇನೆ. ಯಾಕೆ ಅಂತ ಹೇಳುವ ಮೊದಲು, ಲಾಕ್‌ಗೆ ನಿಜವಾಗಿ ಯಾವಾಗ ಕೆಲಸ ಬೀಳುತ್ತದೆ ಅಂತ ನೋಡೋಣ.

ಹಗ್ಗದ ಮೇಲೆ ಚೂರಿ ಇಟ್ಟು ಒತ್ತಿದಿರಿ ಅಂದುಕೊಳ್ಳಿ. ಆ ಒತ್ತಡ ಅಲಗನ್ನು ಇನ್ನಷ್ಟು ಬಿಚ್ಚಲು ನೋಡುತ್ತದೆ, ಮಡಚಲು ಅಲ್ಲ. ಹಿಡಿಯ ಒಳಗೆ ಅಲಗಿಗೆ ಅಡ್ಡ ನಿಲ್ಲುವ ಸ್ಟಾಪ್ ಪಿನ್ ಅಥವಾ ಅಂಥದ್ದೇ ಒಂದು ತಡೆ ಇರುತ್ತದೆ. ಆ ಭಾರ ಹೊರುವುದು ಅದು. ಲಾಕ್ ಸುಮ್ನೆ ಕೂತಿರುತ್ತದೆ. ಎಲೆಯಡಿಕೆ ತಟ್ಟೆಯಲ್ಲಿರುತ್ತಿದ್ದ ಅಜ್ಜನ ಚೂರಿಗೆ ಲಾಕೇ ಇರಲಿಲ್ಲ, ಬೆನ್ನಿನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಅಷ್ಟೆ. ಅದರಲ್ಲೇ ಅವರ ಆಯುಷ್ಯ ಕಳೆಯಿತು.

ಲಾಕ್ ಬೇಕಾಗುವುದು ಬೇರೆ ಹೊತ್ತಿನಲ್ಲಿ. ಅಲಗು ಎಲ್ಲೋ ಸಿಕ್ಕಿಕೊಂಡಾಗ ಅಲ್ಲಾಡಿಸಿ ಎಳೆಯುತ್ತೇವಲ್ಲ, ಆಗ. ಮೊನೆಯಿಂದ ತೂತು ಕೊರೆಯುವಾಗ. ಕೈ ಜಾರಿ ಚೂರಿಯ ಬೆನ್ನು ಮರಕ್ಕೋ ಕಲ್ಲಿಗೋ ಬಡಿದಾಗ. ಈ ಹೊತ್ತಿನಲ್ಲಿ ಅಲಗು ಮಡಚಿದರೆ ಅದರ ದಾರಿಯಲ್ಲಿ ಇರುವುದು ನಮ್ಮದೇ ಬೆರಳು.

ನಮ್ಮ ಭಾವನವರಿಗೆ ಹಾಗೇ ಆಯಿತು. ಬೇಸಿಗೆಯಲ್ಲಿ ಪಂಪ್ ಶೆಡ್ಡಿನ ಹತ್ತಿರ ಸ್ಪ್ರಿಂಕ್ಲರಿನ ಕಪ್ಪು ಪೈಪು ಕೊಯ್ಯುತ್ತಿದ್ದರು. ಅರ್ಧ ಹೋಗುವಾಗ ಪೈಪು ಅಲಗನ್ನು ಕಚ್ಚಿ ಹಿಡಿಯಿತು. ಹಿಡಿಯನ್ನು ಸ್ವಲ್ಪ ತಿರುಚಿ ಮೇಲಕ್ಕೆ ಎಳೆದರು. ಲಾಕ್ ಬಿಟ್ಟಿತು. ತೋರುಬೆರಳಿಗೆ ಮೂರು ಹೊಲಿಗೆ. ಆಮೇಲೆ ಟಾರ್ಚ್ ಹಾಕಿ ಚೂರಿಯ ಒಳಗೆ ನೋಡಿದೆವು. ಲಾಕಿನ ಪಟ್ಟಿ ಕೂರುವ ಜಾಗದಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಪಟ್ಟಿ ಅಲಗಿನ ಬುಡಕ್ಕೆ ಕೂದಲೆಳೆಯಷ್ಟು ಮಾತ್ರ ತಾಗಿ ನಿಂತಿತ್ತು. ಹೊರಗಿನಿಂದ ನೋಡಿದರೆ ಲಾಕ್ ಆದ ಹಾಗೇ ಕಾಣುತ್ತಿತ್ತು, ಟಕ್ ಅಂತ ಶಬ್ದವೂ ಬರುತ್ತಿತ್ತು.

ಅದು ಲೈನರ್ ಲಾಕ್. ಇವತ್ತು ಪೇಟೆಯಲ್ಲಿ ಸಿಗುವ ಅಗ್ಗದ ಮಡಚು ಚೂರಿಗಳಲ್ಲಿ ತುಂಬಾ ಕಾಣುವುದು ಇದೇ. ಈಗಿನ ರೂಪ ಕೊಟ್ಟವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಹಿಡಿಯ ಒಳಗಿನ ತೆಳು ತಗಡಿನ ಒಂದು ಸೀಳು ಸ್ಪ್ರಿಂಗಿನ ಹಾಗೆ ಬಾಗಿ ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಒಳ್ಳೆಯ ಕೆಲಸಗಾರ ಮಾಡಿದ್ದಾದರೆ ಏನೂ ತೊಂದರೆ ಇಲ್ಲ. ಆದರೆ ತಗಡು ತಾಗುವ ಮುಖದ ಓರೆ ಚೂರು ತಪ್ಪಿದರೂ ತಿರುಚುವಾಗ ಜಾರುತ್ತದೆ. ಮತ್ತೆ, ಮಡಚಬೇಕಾದರೆ ಹೆಬ್ಬೆರಳನ್ನು ಅಲಗಿನ ದಾರಿಯಲ್ಲೇ ಇಡಬೇಕು. ಅಡಿಕೆ ಚೊಗರು ಮೆತ್ತಿದ ಕೈಯಲ್ಲಿ ಇದು ನನಗೆ ಸರಿ ಕಾಣುವುದಿಲ್ಲ.

ಇದರದೇ ದೊಡ್ಡಣ್ಣ ಫ್ರೇಮ್ ಲಾಕ್. ತೆಳು ತಗಡಿನ ಬದಲು ಹಿಡಿಯ ಒಂದು ಬದಿಯೇ ಲಾಕ್. ಬಿಗಿಯಾಗಿ ಹಿಡಿದಷ್ಟೂ ಅದು ಇನ್ನೂ ಬಿಗಿಯುತ್ತದೆ. ಇದನ್ನು ತಂದ ಕ್ರಿಸ್ ರೀವ್ ತಮ್ಮ ಚೂರಿಗೆ ಸೆಬೆಂಜಾ ಅಂತ ಹೆಸರಿಟ್ಟರು. ಜುಲು ಭಾಷೆಯಲ್ಲಿ ಹಾಗಂದರೆ ಕೆಲಸ. ಅದರ ಬೆಲೆ ನೋಡಿದರೆ ಮಾತ್ರ ತೋಟದ ಕೆಲಸಕ್ಕೆ ತರಲಿಕ್ಕೆ ಮನಸ್ಸು ಬಾರದು.

ಇನ್ನು ಬ್ಯಾಕ್ ಲಾಕ್. ಹಿಡಿಯ ಬೆನ್ನಿನ ಉದ್ದಕ್ಕೂ ಒಂದು ದಪ್ಪ ಪಟ್ಟಿ, ಅದರ ತುದಿಯಲ್ಲಿ ಕೊಕ್ಕೆ. ಅಲಗು ಪೂರ್ತಿ ಬಿಚ್ಚಿಕೊಂಡಾಗ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಬಿದ್ದು ಕೂರುತ್ತದೆ. ಬಿಡಿಸಲಿಕ್ಕೆ ಪಟ್ಟಿಯನ್ನು ಬೆನ್ನಿನ ಕಡೆಯಿಂದಲೇ ಒತ್ತಬೇಕು. 1964ರಲ್ಲಿ ಅಮೆರಿಕದ ಬಕ್ ಕಂಪನಿಯ 110 ಎಂಬ ಚೂರಿ ಬಂದ ಮೇಲೆ ಇದು ಮನೆಮಾತಾಯಿತು.

ನನಗೆ ಇದು ಹಿಡಿಸಲು ಕಾರಣ ತೀರಾ ಸರಳ. ಲಾಕ್ ಸರಿಯಾಗಿ ಕೂತಿದೆಯಾ ಅಂತ ಬೆರಳಿಗೇ ಗೊತ್ತಾಗುತ್ತದೆ. ಕಚ್ಚಿನಲ್ಲಿ ಕಸ ಸಿಕ್ಕಿಕೊಂಡಿದ್ದರೆ ಪಟ್ಟಿ ಪೂರ್ತಿ ಇಳಿಯುವುದಿಲ್ಲ, ಬೆನ್ನಿನ ಮೇಲೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒಮ್ಮೆ ಸವರಿದರೆ ಸಾಕು, ಕತ್ತಲಲ್ಲೂ ತಿಳಿಯುತ್ತದೆ. ಭಾವನವರ ಚೂರಿಯಲ್ಲಿ ಇಂಥ ಗುರುತು ಸಿಗುವ ಹಾಗಿರಲಿಲ್ಲ. ಎಡಗೈಯವರಿಗೂ ಇದು ಒಂದೇ.

ದೋಷ ಇಲ್ಲ ಅಂತಲ್ಲ. ಅಲಗು ಮೇಲೆ ಕೆಳಗೆ ಒಂಚೂರು ಅಲ್ಲಾಡುವುದುಂಟು. ತುಂಬಾ ಗಟ್ಟಿಯಾಗಿ ಹಿಡಿದಾಗ ಅಂಗೈಯೇ ಪಟ್ಟಿಯನ್ನು ಒತ್ತಿ ಲಾಕ್ ಬಿಡಿಸಬಹುದು. ಅದಕ್ಕೇ ಕೆಲವು ಚೂರಿಗಳಲ್ಲಿ ಒತ್ತುವ ಜಾಗದಲ್ಲಿ ಒಂದು ಗುಳಿ ಕೊರೆದಿರುತ್ತಾರೆ, ಅಂಗೈ ಅಲ್ಲಿಗೆ ತಾಗದಿರಲಿ ಅಂತ. ಕೊಳ್ಳುವಾಗ ಆ ಗುಳಿ ಇದೆಯಾ ನೋಡಿ. ಇದೇ ಜಾತಿಯಲ್ಲಿ ಕೋಲ್ಡ್ ಸ್ಟೀಲ್ ಕಂಪನಿಯವರ ಟ್ರೈ-ಆಡ್ ಲಾಕ್ ಅಂತ ಒಂದುಂಟು, ಆಂಡ್ರ್ಯೂ ಡೆಮ್ಕೊ ಮಾಡಿದ್ದು. ಅದರಲ್ಲಿ ಅಲಗಿನ ಬುಡಕ್ಕೂ ಪಟ್ಟಿಗೂ ನಡುವೆ ಒಂದು ದಪ್ಪ ಪಿನ್ ಕೂತು ಭಾರವನ್ನೆಲ್ಲ ಹೊರುತ್ತದೆ. ಬರೀ ಗಟ್ಟಿತನ ನೋಡುವುದಾದರೆ ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಸ್ಪ್ರಿಂಗ್ ಬಿಗಿ, ಹಾಗಾಗಿ ಮಡಚುವಾಗ ಹೆಬ್ಬೆರಳು ಸ್ವಲ್ಪ ನೋಯುತ್ತದೆ.

ನೀವು ಕೇಳಿದ ಆಕ್ಸಿಸ್ ಲಾಕ್ ಬೆಂಚ್‌ಮೇಡ್ ಕಂಪನಿಯ ಚೂರಿಯಲ್ಲಿ 1998ರಲ್ಲಿ ಬಂತು. ಹಿಡಿಯ ಎರಡೂ ಬದಿಗೆ ಚಾಚಿದ ಒಂದು ಅಡ್ಡ ಸರಳು, ಅದನ್ನು ಮುಂದಕ್ಕೆ ದೂಡುವ ಎರಡು ಸಣ್ಣ ತಂತಿ ಸ್ಪ್ರಿಂಗು. ಸರಳು ಅಲಗಿನ ಬುಡದ ಮೇಲೆ ಆಪಿನ ಹಾಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಕೈಯಲ್ಲಿ ಬಿಚ್ಚಿ ಮಡಚಬಹುದು, ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ಈಗ ಬೇರೆ ಕಂಪನಿಗಳೂ ಕ್ರಾಸ್‌ಬಾರ್ ಲಾಕ್ ಅಂತ ಇದನ್ನೇ ಮಾಡುತ್ತವೆ. ಆ ತಂತಿ ಮಾತ್ರ ತೀರಾ ತೆಳು. ಒಂದು ತುಂಡಾದರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ ನಿಜ. ಹೊಸ ತಂತಿ ಬದಿಯಡ್ಕ ಪೇಟೆಯಲ್ಲಿ ಸಿಗಲಿಕ್ಕಿಲ್ಲ, ಅಲ್ವಾ? ಒಂದು ಕೈಯಲ್ಲಿ ಏಣಿ ಹಿಡಿದು ಕಾಳುಮೆಣಸಿನ ಬಳ್ಳಿ ಕಟ್ಟುವವರಾದರೆ ಇದನ್ನು ತೆಗೆದುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ.

ಫ್ರಾನ್ಸಿನ ಒಪಿನೆಲ್ ಚೂರಿಯ ಬಳೆ ಲಾಕ್ ಬಗ್ಗೆಯೂ ಒಂದು ಮಾತು. ಅಲಗಿನ ಬುಡದಲ್ಲಿ ಉಕ್ಕಿನ ಬಳೆ, ತಿರುಗಿಸಿದರೆ ಲಾಕ್. 1955ರಿಂದ ಇದೆ. ಕೆಡಲಿಕ್ಕೆ ಅದರಲ್ಲಿ ಏನೂ ಇಲ್ಲ. ಆಸೆಪಟ್ಟು ಒಂದು ತಂದಿದ್ದೆ. ಆಟಿ ತಿಂಗಳ ಮಳೆಗೆ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬರಲೇ ಇಲ್ಲ. ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ಇಣುಕುತ್ತದೆ, ಆ ಊರಿನವರೂ ಹಾಗೇ ಮಾಡುತ್ತಾರಂತೆ. ತೋಟದ ನಡುವೆ ಮೇಜು ಎಲ್ಲಿಂದ ತರುವುದು ಮಾರಾಯ್ರೆ! ಈಗ ಅದು ಅಡುಗೆಮನೆಯಲ್ಲಿದೆ, ಮಾವಿನಹಣ್ಣು ಕೊಯ್ಯಲಿಕ್ಕೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ಅಲಗು ಬಿಚ್ಚಿ, ಬೆರಳುಗಳನ್ನು ಅದು ಮಡಚುವ ದಾರಿಯಿಂದ ದೂರ ಇಟ್ಟು, ಬೆನ್ನನ್ನು ಮರದ ಮೇಜಿಗೆ ನಿಧಾನ ಒತ್ತಿ ನೋಡಿ. ಬಿಟ್ಟುಕೊಟ್ಟರೆ ಅಲ್ಲೇ ವಾಪಸ್ ಕೊಡಿ. ಯೂಟ್ಯೂಬ್‌ನಲ್ಲಿ ಮಾಡುವ ಹಾಗೆ ಬಡಿಯಬೇಡಿ, ಒಳ್ಳೆಯ ಲಾಕಿನ ಮುಖವೂ ಹಾಳಾಗುತ್ತದೆ.

ಮಳೆಗಾಲದಲ್ಲಿ ಸಂಜೆ ನೀರು ಬಿಟ್ಟು ತೊಳೆದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕಚ್ಚನ್ನು ಉಜ್ಜಿ, ಒಣಗಿಸಿ, ಅಲಗು ತಿರುಗುವ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಹೊಲಿಗೆ ಮೆಷಿನ್ನಿನ ಎಣ್ಣೆಯಾಗಬಹುದು. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣ ಸೇರಿಸಿದ ಔಷಧಿ, ಬಿಟ್ಟ ದಿನವಂತೂ ಮರೆಯಲೇಬೇಡಿ. ಸುಣ್ಣ ಸಾಕಾಗಿದೆಯಾ ಅಂತ ನೋಡಲಿಕ್ಕೆ ದ್ರಾವಣದಲ್ಲಿ ಕಬ್ಬಿಣದ ಕತ್ತಿಯ ಅಲಗು ಅದ್ದುತ್ತೇವಲ್ಲ? ಮೈಲುತುತ್ತು ಜಾಸ್ತಿಯಾಗಿದ್ದರೆ ತಾಮ್ರದ ಕೆಂಪು ಹತ್ತುತ್ತದೆ. ಕಿಸೆಯ ಚೂರಿಯ ಸ್ಪ್ರಿಂಗಿನ ಮೇಲೂ ಅದೇ ಮೈಲುತುತ್ತು ಕೂತಿರುತ್ತದೆ.

ಮೀಟುವುದು, ಕಡಿಯುವುದು, ತೆಂಗಿನಕಾಯಿ ಒಡೆಯುವುದು ಯಾವ ಲಾಕಿನ ಚೂರಿಗೂ ಹೇಳಿದ್ದಲ್ಲ. ಅದಕ್ಕೆ ಸೊಂಟದಲ್ಲಿ ಕತ್ತಿ ಇದ್ದೇ ಇದೆ. ಭಾವನವರ ಕಿಸೆಯಲ್ಲಿ ಈಗ ಬ್ಯಾಕ್ ಲಾಕ್ ಚೂರಿ. ಪೈಪು ಕೊಯ್ಯಲಿಕ್ಕೆ ಪಂಪ್ ಶೆಡ್ಡಿನ ಮೊಳೆಗೆ ಒಂದು ಹ್ಯಾಕ್‌ಸಾ ನೇತುಹಾಕಿದ್ದಾರೆ.