ಎಂಆರ್, ಎಂಎಂಆರ್: ನಡುವಿನ ಆ ಒಂದು ‘ಎಂ’

ಚಿಂತಾಮಣಿಯ ನಮ್ಮ ಬೀದಿಯಲ್ಲಿ ಇಬ್ಬರು ಮಕ್ಕಳ ಲಸಿಕೆ ಕಾರ್ಡು ಅಕ್ಕಪಕ್ಕ ಇಟ್ಟು ನೋಡಿದಾಗ ಶುರುವಾದ ಗೊಂದಲ ಇದು. ಅಂಗನವಾಡಿಯಲ್ಲಿ ಸೂಜಿ ಹಾಕಿಸಿದ ಮಗುವಿನ ಕಾರ್ಡಿನಲ್ಲಿ ‘ಎಂಆರ್’ ಅಂತಿತ್ತು. ಪ್ರೈವೇಟ್ ಕ್ಲಿನಿಕ್ಕಿಗೆ ಹೋದ ಮಗುವಿನದರಲ್ಲಿ ‘ಎಂಎಂಆರ್’.

“ಅಕ್ಕಾ, ನಮ್ ಪಾಪುಗೆ ಒಂದು ಎಂ ಕಮ್ಮಿ ಹಾಕವ್ರಲ್ಲ?” ಅಂದಳು ಪಕ್ಕದ ಮನೆಯಾಕೆ. ಕೇಳಬೇಕಾದ ಪ್ರಶ್ನೆಯೇ.

ಮೊದಲ ಎಂ ಮೀಸಲ್ಸ್, ಅಂದರೆ ದಡಾರ. ಹಳಬರು ಗೊಬ್ಬರ ಅಂತಾರೆ, ತೆಲುಗು ಮಾತಾಡುವ ಮನೆಗಳಲ್ಲಿ ತಟ್ಟು. ಜ್ವರ, ಕೆಮ್ಮು, ಕೆಂಗಣ್ಣು. ಆಮೇಲೆ ಮುಖದಿಂದ ಶುರುವಾಗಿ ಮೈಗೆಲ್ಲ ಇಳಿಯುವ ಕೆಂಪು ಗುಳ್ಳೆ. ‘ಅಮ್ಮ ಬಂದಿದ್ದಾಳೆ’ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಸೊಪ್ಪು ಕಟ್ಟಿದರೆ ತೊಂದರೆಯೇನಿಲ್ಲ, ಅಷ್ಟಕ್ಕೇ ಸುಮ್ಮನಾದರೆ ತೊಂದರೆ. ದಡಾರ ನ್ಯುಮೋನಿಯಾಗೆ ತಿರುಗಬಹುದು, ಮೆದುಳಿಗೂ ಏರಬಹುದು. ಹರಡುವುದರಲ್ಲಂತೂ ಇದನ್ನು ಮೀರಿಸುವ ಕಾಯಿಲೆ ಹುಡುಕೋದು ಕಷ್ಟ. ಕಾಯಿಲೆಯವರು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆ ಇರಬಲ್ಲದು.

ಎರಡನೇ ಎಂ ಮಂಪ್ಸ್, ನಮ್ಮ ಮಂಗನಬಾವು. ಕಿವಿಯ ಕೆಳಗೆ ಊದಿ, ಬಾಯಿ ತೆರೆಯೋದೇ ಕಷ್ಟ. ಬಹಳಷ್ಟು ಮಕ್ಕಳಿಗೆ ತಾನಾಗೇ ಇಳಿಯುತ್ತದೆ. ದೊಡ್ಡ ಹುಡುಗರಿಗೆ ವೃಷಣ ಊದಬಹುದು, ಅಪರೂಪಕ್ಕೆ ಕಿವಿಯೂ ಹೋಗಬಹುದು.

ಆರ್ ಅಂದರೆ ರುಬೆಲ್ಲಾ. ಮಗುವಿಗೆ ಬಂದರೆ ಸ್ವಲ್ಪ ಜ್ವರ, ಒಂದಷ್ಟು ಗುಳ್ಳೆ, ಅಷ್ಟೇ. ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಆದರೆ ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಅಂಟಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಈ ನಂಟನ್ನು 1941ರಲ್ಲಿ ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. ಪೊರೆ ಇದ್ದ ಕೂಸುಗಳು ಸಾಲಾಗಿ ಬಂದಾಗ ಅವರು ತಾಯಂದಿರ ಮಾತಿಗೆ ಕಿವಿಗೊಟ್ಟಿದ್ದರು.

ಈಗ ಆ ಕಮ್ಮಿಯಾದ ಎಂ ವಿಷಯ. ಸರ್ಕಾರಿ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾ, ಅಂದರೆ ಎಂಆರ್. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. 2017ರಲ್ಲಿ 15 ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆಗಳಲ್ಲೇ ಹಾಕಿದ್ದು ಇದನ್ನೇ, ನೆನಪಿದೆ ಅಲ್ವಾ? ಮಂಗನಬಾವೂ ಸೇರಬೇಕೆಂದರೆ ಮಕ್ಕಳ ಡಾಕ್ಟರ ಹತ್ತಿರ ಎಂಎಂಆರ್. ಅವರ ಲೆಕ್ಕದಲ್ಲಿ 9 ತಿಂಗಳು, 15 ತಿಂಗಳು, ಮತ್ತೆ 4ರಿಂದ 6 ವರ್ಷದೊಳಗೆ. ಹಾಗಂತ ಅಂಗನವಾಡಿಯದು ಅರೆಬರೆ ಲಸಿಕೆ ಅಂದುಕೊಳ್ಳಬೇಡಿ. ಜಾಸ್ತಿ ಕೇಡು ತರುವ ಎರಡಕ್ಕೂ ಅದರಲ್ಲಿ ತಡೆ ಇದೆ.

ಮುಂದಿನ ಸಲ ಹೋದಾಗ ನರ್ಸಮ್ಮನ ಕೈ ನೋಡಿ. ಪುಟ್ಟ ಸೀಸೆಯಲ್ಲಿರುವುದು ಒಣ ಪುಡಿ. ಜೊತೆಗೆ ಬಂದ ನೀರು ಬೆರೆಸಿದ ಕೂಡಲೇ ಹೊತ್ತು ಎಷ್ಟಾಯಿತು ಅಂತ ಸೀಸೆಯ ಮೇಲೆ ಬರೆಯುತ್ತಾರೆ. ನಾಲ್ಕು ಗಂಟೆ ಕಳೆದರೆ ಉಳಿದದ್ದನ್ನು ಎಸೆಯಲೇಬೇಕು. ಒಳಗಿರುವುದು ಬಲ ಕುಂದಿಸಿದ ಜೀವಂತ ವೈರಸ್.

ಅದಕ್ಕೇ ಬಸುರಿಯರಿಗೆ ಈ ಸೂಜಿ ಹಾಕುವುದಿಲ್ಲ. ಮಗು ಬೇಕು ಅಂತಿರುವವರು ಮೊದಲೇ ಹಾಕಿಸಿಕೊಂಡು, ಕನಿಷ್ಠ ಒಂದು ತಿಂಗಳು ತಡೆಯಬೇಕು. ಪಕ್ಕದ ಮನೆಯಾಕೆಯ ತಂಗಿಗೆ ಈ ವರ್ಷ ಮದುವೆ. ಚಿಕ್ಕಂದಿನಲ್ಲಿ ಹಾಕಿಸಿದ್ದರೋ ಇಲ್ಲವೋ, ಕಾರ್ಡು ಕಳೆದು ಎಷ್ಟೋ ವರ್ಷವಾಯಿತಂತೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂದೆ. ಮೊದಲೇ ಹಾಕಿಸಿದ್ದರೂ ಇನ್ನೊಂದು ಡೋಸ್‌ನಿಂದ ಕೆಡುಕಿಲ್ಲ.